ಥರ್ಲೋ ಬಿಕ್ಸ್‌ಬಿಯ ಬಾಯಿ

ಎಲ್ಲ ರಗಳೆಗೂ ಮೂಲ ಥರ್ಲೋ ಬಿಕ್ಸ್‌ಬಿಯ ಬಾಯಿ. ಅವನು ಮೈದಾನದಲ್ಲಿ ಒಮ್ಮೆ ಕೂಗಿದರೆ ಓಹಾಯೋ ನದಿಯ ಹಡಗುಗಳು ಗಾಬರಿಯಿಂದ ದಡಕ್ಕೆ ಸರಿಯುತ್ತಿದ್ದವು. ಸುಳ್ಳೆನಿಸಿದರೆ ನದಿಯನ್ನೇ ಕೇಳಿ!

ಮಂಡಿ ಮುರಿದುಕೊಂಡು, ಕುಲುಮೆ ಕಾರ್ಖಾನೆಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕೋಚ್ ಆದ ಮೇಲೆ ಅವನಲ್ಲಿ ಆಟ ಉಳಿದಿದ್ದದ್ದು ಬಾಯಲ್ಲಿ ಮಾತ್ರ. ಆಗಿನ ನಿಯಮ ಅದನ್ನೂ ಕಿತ್ತುಕೊಂಡಿತ್ತು. ಆಟ ನಡೆಯುವಾಗ ಕೋಚ್ ಬೆಂಚಿನಿಂದ ತುಟಿ ಬಿಚ್ಚಕೂಡದು, ಸನ್ನೆ ಮಾಡಕೂಡದು. ಮಾಡಿದರೆ ತಂಡ ಹದಿನೈದು ಗಜ ಹಿಂದಕ್ಕೆ. ಆ ವರ್ಷದ ಪಂದ್ಯಗಳಲ್ಲಿ ಥರ್ಲೋನ ಹುಡುಗರು ಮುಂದೆ ಓಡಿದ್ದಕ್ಕಿಂತ ಹಿಂದೆ ನಡೆದದ್ದೇ ಹೆಚ್ಚು.

“ಈ ಭಾನುವಾರಾನೂ ಸೋತ್ರೆ ಮುಗೀತು ಬಿಕ್ಸ್‌ಬಿ,” ಎಂದಿದ್ದ ಕಾರ್ಖಾನೆಯ ಯಜಮಾನ ಆಸ್ಟ್ರಾಂಡರ್. “ಸೋಮವಾರದಿಂದ ಇದ್ದಿಲು ಹೊರು.”

ಇದ್ದಿಲಿಗೆ ಥರ್ಲೋ ಹೆದರುವವನಲ್ಲ. ಆದರೆ ಕೆಸರಿನ ವಾಸನೆಯಿಲ್ಲದ, ಎಲುಬಿಗೆ ಎಲುಬು ಬಡಿದ ಸದ್ದಿಲ್ಲದ ಭಾನುವಾರಗಳನ್ನು ನೆನೆದರೆ ಎದೆ ಖಾಲಿ ಪೀಪಾಯಿಯಂತಾಗುತ್ತಿತ್ತು.

ಭಾನುವಾರ ಬೆಳಗಾಗುತ್ತಲೇ ನೆರೆಹೊರೆಯವರೆಲ್ಲ ಅವನ ಅಡುಗೆಮನೆಯಲ್ಲಿ ಸೇರಿದರು.

“ಬಾಯಿಗೆ ನಾನು ಗ್ಯಾರಂಟಿ,” ಎಂದಳು ಮಿಠಾಯಿ ಅಂಗಡಿಯ ವಿಧವೆ ಡಿನ್ಸ್‌ಮೋರ್. “ನನ್ನ ಕಾಕಂಬಿ ಮಿಠಾಯಿ ಕಚ್ಚಿದ ಪಾದ್ರಿ ಇನ್ನೂ ಹೋದ ಕ್ರಿಸ್‌ಮಸ್ ಪ್ರಾರ್ಥನೇನೇ ಮುಗಿಸಿಲ್ಲ!”

“ಕೈಗೇನು ಮಾಡ್ತೀರಮ್ಮ?” ಎಂದ ಕ್ಷೌರಿಕ ಪಾಸ್ಕ್ವಾಲೆ. “ಈ ಮನುಷ್ಯ ಕೈಯಲ್ಲೂ ಮಾತಾಡ್ತಾನೆ.”

“ಅದು ನನಗೆ ಬಿಡಿ,” ಎಂದು ಹೆಂಡತಿ ಹೆಡ್ವಿಗ್ ಸೂಜಿ ತಂದಳು. ಗಂಡನ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿ ಜೇಬಿನ ಬಾಯಿ ಹೊಲಿದೇಬಿಟ್ಟಳು. “ಅಲುಗಾಡ್ಬೇಡ್ರೀ, ಚುಚ್ಚುತ್ತೆ!”

ಹೀಗೆ ಹಲ್ಲಿಗೆ ಮಿಠಾಯಿ ಅಂಟಿಸಿಕೊಂಡು, ಕಟ್ಟಿದ ಕೋಳಿಯಂತೆ ಥರ್ಲೋ ಬೆಂಚಿನ ಮೇಲೆ ಕುಳಿತ. ಮೊದಲರ್ಧ ಸಮ ಸಮ. ಆಮೇಲೆ ನಾಯಕ ವೊಯ್ಟೆಕ್ ಚೆಂಡನ್ನು ಅವುಚಿಕೊಂಡು ನುಗ್ಗಿದ. ಎಡಗಡೆ ಅಗಸೆಬಾಗಿಲಿನಷ್ಟು ತೆರಪು! ಥರ್ಲೋನ ತಲೆ ತಾನಾಗಿಯೇ ಎಡಕ್ಕೆ ವಾಲಿತು.

“ತಲೆಸನ್ನೆ!” ಅಂಪೈರ್ ಸೀಟಿ ಊದಿದ. ಹದಿನೈದು ಗಜ.

ಮುರಿದ ಮಂಡಿ ಸಂಕಟದಿಂದ ನಡುಗಿತು. “ಒದೆಯೋಕೆ ಸನ್ನೆ!” ಮತ್ತೆ ಹದಿನೈದು. ಕಣ್ಣಲ್ಲಿ ನೀರು ಬಂತು, ರೆಪ್ಪೆ ಬಡಿಯಿತು.

“ಕಣ್ಣಲ್ಲೂ ಶುರುಮಾಡ್ದೇನಯ್ಯಾ? ನಡಿ ಆಚೆ!”

ಹಲಗೆಬೇಲಿಯ ಹೊರಗೆ, ಯಾರೂ ಇಲ್ಲದ ಓಣಿಯಲ್ಲಿ, ಥರ್ಲೋ ಹಲಗೆಗೆ ಕಿವಿ ಒತ್ತಿ ನಿಂತ. ಕಣ್ಣಿಗೆ ಹಲಗೆ ಬಿಟ್ಟರೆ ಏನೂ ಇಲ್ಲ. ಕಿವಿಗೆ ಎಲ್ಲವೂ ಇತ್ತು. ಬೂಟಿನ ಸದ್ದಿನಲ್ಲೇ ಯಾರು ಓಡಿದರು, ಉಸಿರಿನಲ್ಲೇ ಯಾರು ಬಿದ್ದರು ಎಂದು ತಿಳಿಯಿತು. ಒಳಗೆ ಎರಡೂ ತಂಡಗಳ ಸಾಲುಗಳು ಡಿಕ್ಕಿ ಹೊಡೆದಾಗಲೆಲ್ಲ ಅವನೂ ಹೊರಗಿನಿಂದ ಬೇಲಿಗೆ ಹೆಗಲು ಕೊಟ್ಟು ತಳ್ಳಿದ. ಅವನು ತಳ್ಳಿದ ರಭಸಕ್ಕೆ ಊರೇ ಎರಡು ಅಂಗುಲ ಪೂರ್ವಕ್ಕೆ ಸರಿಯಿತು. ಮಂಡಿ ಮುರಿದ ಮೇಲೆ ಮೊದಲ ಬಾರಿಗೆ ಅವನು ಆಡುತ್ತಿದ್ದ.

ಆಗ ಆಕಾಶ ಬಿರಿಯುವಂಥ ಕೇಕೆ. ಗೇಟಿನಿಂದ ವೊಯ್ಟೆಕ್, ಹಿಂದೆ ಆಸ್ಟ್ರಾಂಡರ್, ಅವರ ಹಿಂದೆ ಇಡೀ ಊರು.

“ಗೆದ್ವಿ ಕೋಚ್! ನೀವು ಆಚೆ ಹೋದ್ಮೇಲೆ ಒಂದೂ ದಂಡ ಬೀಳ್ಲಿಲ್ಲ!”

ಆಸ್ಟ್ರಾಂಡರ್ ಅವನನ್ನು ಬಾಚಿ ತಬ್ಬಿದ. “ಇನ್ನು ಸಾಯೋವರೆಗೂ ನೀನೇ ಕಣಯ್ಯ ನಮ್ಮ ಕೋಚ್!”

ಆನಂದದ ಬಿಸಿಗೆ ಮಿಠಾಯಿ ಕರಗಿತು. “ಹಾಗಾದ್ರೆ ಯಜಮಾನ್ರೇ, ಮುಂದಿನ ಭಾನುವಾರ ಬೆಂಚಿನ ಮೇಲೆ—”

“ಬೆಂಚಾ?” ಆಸ್ಟ್ರಾಂಡರ್ ಹೌಹಾರಿದ. “ಗೆಲ್ಲಿಸೋ ಕೋಚನ್ನ ಯಾರಾದ್ರೂ ಒಳಗೆ ಕೂರಿಸ್ತಾರೇನಯ್ಯ? ಮಳೆ ಬರಲಿ, ಹಿಮ ಬೀಳಲಿ, ಇನ್ಮೇಲೆ ನಿನ್ನ ಜಾಗ ಬೇಲಿಯಾಚೆ. ಈ ಬೇಲಿಯೂ ಹತ್ರಾನೇ ಆಯ್ತು!”

“ಇನ್ನೂ ದೂರ! ಇನ್ನೂ ದೂರ!” ಎಂದು ಊರು ಕೂಗಿತು. ಥರ್ಲೋನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿತು. ಅಷ್ಟೆತ್ತರದಿಂದ ಬೇಲಿಯ ಮೇಲಿಂದ ಮೈದಾನ ಕಂಡೀತೆಂದು ಅವನು ಕತ್ತು ಚಾಚಿದ. ಅಷ್ಟರಲ್ಲಿ ಮೆರವಣಿಗೆ ಮೈದಾನಕ್ಕೆ ಬೆನ್ನು ಹಾಕಿ ನದಿಯ ಕಡೆಗೆ ತಿರುಗಿಯಾಗಿತ್ತು.