ಫೋನಿನ ಮಡಿಕೆಗೆ ಇಸ್ತ್ರಿ

ಇಸ್ತ್ರಿಯವನು: ಆಗಲ್ಲ ಅಂದ್ರೆ ಆಗಲ್ಲ ಸಾರ್. ಸುಕ್ಕು ಬೇರೆ, ಮಡಿಕೆ ಬೇರೆ. ಸುಕ್ಕು ತಾನಾಗಿ ಬೀಳೋದು. ಮಡಿಕೆ ಬೇಕು ಅಂತ ಹಾಕೋದು. ಬೇಕು ಅಂತ ಹಾಕಿದ್ದನ್ನ ನಾನು ತೆಗೆಯಲ್ಲ.

ಗಿರಾಕಿ: ನಾನೆಲ್ಲಿ ಹಾಕ್ದೆ? ಕಂಪನಿಯವರೇ ಹಾಕಿ ಕೊಟ್ಟಿದ್ದು!

ಇಸ್ತ್ರಿಯವನು: ಹಾಗಾದ್ರೆ ಕಂಪನಿಯವರ ಹತ್ರಾನೇ ಇಸ್ತ್ರಿ ಮಾಡಿಸ್ಕೊಳ್ಳಿ.

ಬೀದಿ ತಿರುವಿನ ಇಸ್ತ್ರಿ ಅಂಗಡಿ. ಮೇಜಿನ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯ ಬಿಳಿ ಬಟ್ಟೆ, ಅದರ ಮೇಲೆ ಗಿರಾಕಿಯ ಹೊಸ ಫೋನು. ಪುಸ್ತಕದಂತೆ ಮಡಚಿ ಬಿಚ್ಚುವ ಫೋನು ಅದು. ಬಿಚ್ಚಿದರೆ ಪರದೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ. ಆ ಗೆರೆ ಕಾಣುವುದೇ ಇಲ್ಲವೆಂದು ಈತ ವಾರವಿಡೀ ಮನೆಯಲ್ಲಿ ಗಂಟಲು ಹರಿದುಕೊಂಡಿದ್ದ. ಕಾಣದ ಗೆರೆಯನ್ನು ತೆಗೆಸಲು ಈಗ ಇಲ್ಲಿಗೆ ಓಡಿ ಬಂದಿದ್ದಾನೆ. ಇಂಥವರಿಗೆ ಬುದ್ಧಿ ಹೇಳುವ ತಾಳ್ಮೆ ನನಗಿಲ್ಲ.

ಗಿರಾಕಿ: ನನ್ನ ಕಷ್ಟ ಕೇಳಪ್ಪ. ನಿನ್ನೆ ನಮ್ಮತ್ತೆ ಫೋಟೋ ತೆಗೆದು, ಫೋನ್ ಅಗಲವಾಗಿ ಬಿಚ್ಚಿ ತೋರಿಸ್ದೆ. ಗೆರೆ ಸರಿಯಾಗಿ ಹಣೆಯಿಂದ ಗಲ್ಲದವರೆಗೆ ಇಳಿದುಬಿಟ್ಟಿತ್ತು. ‘ನನ್ನ ಮುಖ ಇಷ್ಟು ಸುಕ್ಕಾಗಿದ್ಯಾ?’ ಅಂತ ಕೇಳಿದ್ರು.

ಇಸ್ತ್ರಿಯವನು: ನೀವೇನಂದ್ರಿ?

ಗಿರಾಕಿ: ‘ಇಲ್ಲ ಅತ್ತೆ, ಒಂದು ಗೆರೆ ಮಾತ್ರ ಫೋನಿಂದು, ಉಳಿದಿದ್ದೆಲ್ಲ ನಿಮ್ಮದೇ’ ಅಂದೆ.

ಇಸ್ತ್ರಿಯವನು: ಇಸ್ತ್ರಿ ಹಾಕ್ಬೇಕಾಗಿರೋದು ಫೋನಿಗಲ್ಲ ಸಾರ್, ನಿಮ್ಮ ನಾಲಿಗೆಗೆ.

ಗಿರಾಕಿ: ಆವಾಗಿಂದ ರೂಮಿನ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಒಳಗಿಂದಾನೇ ಫೋನ್ ಮಾಡಿ ಬೈತಾರೆ. ನನ್ನ ಹೆಂಡ್ತಿ ಇವತ್ತು ಸಂಜೆ ಐದು ಗಂಟೆವರೆಗೆ ಗಡುವು ಕೊಟ್ಟಿದ್ದಾಳೆ. ಗೆರೆ ಹೋದ್ರೆ ಸರಿ, ಇಲ್ದಿದ್ರೆ ಫೋನ್ ವಾಪಸ್. ಫೋನ್ ಅಂಗಡಿಯವನು ವಾಪಸ್ ತಗೊಳ್ಳೋಕೆ ಇವತ್ತೇ ಕೊನೇ ದಿನ. ಎಂಟು ತಿಂಗಳು ಕಾದು ತಂದ ಫೋನ್ ಕಣಪ್ಪ! ರಾತ್ರಿ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತೀನಿ.

ಇಸ್ತ್ರಿಯವನಿಗೆ ಮರುಕ ಹುಟ್ಟಿತು. ಫೋನನ್ನು ಅಂಗಿಯ ಕಾಲರ್ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

ಇಸ್ತ್ರಿಯವನು: ಯಾವ ಬಟ್ಟೆ ಇದು?

ಗಿರಾಕಿ: ಬಟ್ಟೆ ಅಲ್ಲ, ಗಾಜು.

ಇಸ್ತ್ರಿಯವನು: ಗಾಜನ್ನ ಮಡಚೋಕಾಗುತ್ತಾ?

ಗಿರಾಕಿ: ಇದು ಮಡಚೋ ಗಾಜು.

ಇಸ್ತ್ರಿಯವನು: ಮಡಚಿದ್ರೆ ಅದು ಗಾಜಲ್ಲ. (ಉಗುರಿನಿಂದ ಕೆರೆದು) ಪಾಲಿಯೆಸ್ಟರ್ ಸೇರಿಸಿದ್ದಾರೆ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಅದಿರ್ಲಿ, ಮಡಚೋದು ಯಾಕೆ?

ಗಿರಾಕಿ: ಜೇಬಲ್ಲಿ ಹಿಡಿಸ್ಬೇಕಲ್ಲ!

ಇಸ್ತ್ರಿಯವನು: ಹಳೇ ಫೋನ್ ಜೇಬಲ್ಲಿ ಹಿಡಿಸ್ತಿರಲಿಲ್ವಾ?

ಗಿರಾಕಿ: ಹಿಡಿಸ್ತಿತ್ತು. ಆದ್ರೆ ಅದನ್ನ ಬಿಚ್ಚೋಕಾಗ್ತಿರಲಿಲ್ಲ.

ಇಸ್ತ್ರಿಯವನು: ಬಿಚ್ಚೋದು ಯಾಕೆ?

ಗಿರಾಕಿ: ದೊಡ್ಡದಾಗಿ ಕಾಣ್ಲಿ ಅಂತ.

ಇಸ್ತ್ರಿಯವನು: ದೊಡ್ಡದಾಗಿ ಕಂಡಿದ್ದಕ್ಕೇ ಅಲ್ವಾ ನಿಮ್ಮತ್ತೆ ಬಾಗಿಲು ಹಾಕ್ಕೊಂಡಿದ್ದು?

ಗಿರಾಕಿ ಬಾಯಿ ತೆರೆದ. ಅಷ್ಟರಲ್ಲಿ ಇಸ್ತ್ರಿಯವನು ನೀರಿನ ಬಟ್ಟಲಿಗೆ ಕೈ ಅದ್ದಿದ್ದ.

ಗಿರಾಕಿ: ಏಯ್! ಏನ್ಮಾಡ್ತಿದ್ದೀಯಾ?

ಇಸ್ತ್ರಿಯವನು: ಸ್ವಲ್ಪ ನೀರು ಚಿಮುಕಿಸ್ತೀನಿ. ಒಣಗಿದ ಮಡಿಕೆ ಬಿಡಲ್ಲ.

ಗಿರಾಕಿ: ನೀರು ಬಿದ್ರೆ ಸತ್ತೇ ಹೋಗುತ್ತೆ!

ಇಸ್ತ್ರಿಯವನು: ಒಗೆಯೋಕಾಗಲ್ಲ, ಇಸ್ತ್ರಿ ಮಾಡೋಕಾಗಲ್ಲ, ಮಡಚೋಕೆ ಮಾತ್ರ ಆಗುತ್ತೆ. ಹಾಳಾಗ್ಲಿ, ಒಂದು ದಾರಿ ಇದೆ. ಎಡಕ್ಕೊಂದು ಬಲಕ್ಕೊಂದು ಗೆರೆ ಹಾಕಿಬಿಡ್ತೀನಿ. ಒಂದೇ ಇದ್ರೆ ದೋಷ ಅಂತಾರೆ, ಮೂರಿದ್ರೆ ಡಿಸೈನ್ ಅಂತಾರೆ.

ಗಿರಾಕಿ: ಮೂರು ಗೆರೇಲಿ ನಮ್ಮತ್ತೆ ಮುಖ ನೋಡಿದ್ರೆ ನನ್ನ ಸಂಸಾರ ಉಳಿಯುತ್ತಾ?

ಇಸ್ತ್ರಿಯವನು: ನಿಜ ಹೇಳ್ಬೇಕು ಅಂದ್ರೆ ಇದನ್ನ ತೆಗೆಯೋಕೆ ನನಗೆ ಮನಸ್ಸೇ ಬರ್ತಿಲ್ಲ ಸಾರ್. ಮೂವತ್ತು ವರ್ಷದಿಂದ ಪ್ಯಾಂಟಿಗೆ ಗೆರೆ ನಿಲ್ಲಿಸೋಕೆ ಒದ್ದಾಡ್ತಿದ್ದೀನಿ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕಿಲ್ಲ. ಇದು ನೋಡಿ, ಎಷ್ಟು ನೆಟ್ಟಗಿದೆ! ಯಾವ ಇಸ್ತ್ರಿ ಪೆಟ್ಟಿಗೇಲಿ ಹಾಕಿದ್ದು ಅಂತ ಕೇಳಿ ಹೇಳ್ತೀರಾ?

ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಗಿರಾಕಿಯ ಧೈರ್ಯವೆಲ್ಲ ಕರಗಿತು.

ಗಿರಾಕಿ: ಆಗಿದ್ದಾಗ್ಲಿ. ಮೇಲೆ ಟವೆಲ್ ಹಾಕಿ, ಉಗುರುಬೆಚ್ಚಗೆ ಒಂದೇ ಒಂದು ಸಲ ಎಳೆದುಬಿಡು. ನಾನು ನೋಡಲ್ಲ.

ಅವನು ಕಣ್ಣು ಮುಚ್ಚಿಕೊಂಡ. ಇಸ್ತ್ರಿಯವನು ಪೆಟ್ಟಿಗೆ ಎತ್ತಿದ. ಅದೇ ಹೊತ್ತಿಗೆ ಗಿರಾಕಿಯ ಹೆಂಡತಿ ಏದುಸಿರು ಬಿಡುತ್ತ ಬಂದಳು.

ಹೆಂಡತಿ: ಅಯ್ಯೋ, ನಿಲ್ಸಿ! ತಲೆ ಕೆಟ್ಟಿದ್ಯಾ ನಿಮಗೆ? ಸುಟ್ಟ ಫೋನನ್ನ ಯಾರು ವಾಪಸ್ ತಗೋತಾರೆ?

ಅವಳು ಫೋನನ್ನು ಕಿತ್ತುಕೊಂಡಳು. ಅದು ಅವಳ ಕೈಯಲ್ಲೇ ಗುಂಯ್‌ಗುಟ್ಟತೊಡಗಿತು. ಕರೆ ಬಾಗಿಲು ಹಾಕಿಕೊಂಡ ರೂಮಿನಿಂದ ಬಂದಿತ್ತು.

ಹೆಂಡತಿ: ಹೇಳಮ್ಮಾ... ಗೆರೆ ಇನ್ನೂ ಹೋಗಿಲ್ಲಮ್ಮ... ವಾಪಸ್ ಕೊಡೋಕೇ ಬಂದಿದ್ದೀನಿ... ನನ್ನ ಮದುವೆ ವಿಷಯ ಈಗ್ಯಾಕಮ್ಮ?... ಆ ಇಂಜಿನಿಯರ್ ಹುಡುಗನ್ನ ನಾನು ಬೇಡ ಅಂದಿದ್ದಲ್ಲ ಅಮ್ಮ, ಅವನೇ ನನ್ನ ಬೇಡ ಅಂದಿದ್ದು...

ಈ ಮಗಳು ಹುಟ್ಟಿದಾಗಿನಿಂದ ತಾಯಿಯ ಮಾತನ್ನು ತಾನಾಗಿ ಮುಗಿಸಿದವಳಲ್ಲ. ತಾಯಿಗೆ ಸುಸ್ತಾಗಬೇಕು, ಇಲ್ಲವೇ ಫೋನಿನ ಚಾರ್ಜು ಮುಗಿಯಬೇಕು. ಇಂದು ಮಾತ್ರ ಅವಳು ಫೋನನ್ನು ಕಿವಿಯಿಂದ ಇಳಿಸಿ, ಎರಡೂ ಅಂಚು ಹಿಡಿದು ಮಡಚಿದಳು.

ಟಪ್!

ಅಂಗಡಿಯಲ್ಲಿ ಎಂಥ ನೆಮ್ಮದಿ!

ಹೆಂಡತಿ: (ಮೆಲ್ಲಗೆ) ಇದು ಹೀಗೆ ಸದ್ದು ಮಾಡುತ್ತಾ?

ಗಿರಾಕಿ: ಹೂಂ... ಮುಚ್ಚಿದ್ರೆ ಕಟ್ ಆಗೋ ಹಾಗೆ ಮಾಡಿಟ್ಟಿದ್ದೀನಿ.

ಅವಳು ಬಿಚ್ಚಿದಳು, ಮುಚ್ಚಿದಳು. ಟಪ್! ಮತ್ತೆ ಬಿಚ್ಚಿದಳು. ಟಪ್! ಅವಳ ಕಣ್ಣಂಚಿನಲ್ಲಿ ನೀರಾಡಿತು.

ಹೆಂಡತಿ: ಕೆಂಪು ಗುಂಡಿ ಒತ್ತಿದ್ರೆ ಈ ಸುಖ ಎಲ್ಲಿ ಸಿಗುತ್ತೆ? ಮಾತು ಮುಗೀತು ಅಂತ ಕೈಗೇ ಗೊತ್ತಾಗುತ್ತಲ್ರೀ!

ಗಿರಾಕಿ: ಹಾಗಾದ್ರೆ... ವಾಪಸ್ ಕೊಡೋದು?

ಹೆಂಡತಿ: ಯಾರಿಗೆ ವಾಪಸ್? ಇಂಥಾ ವಸ್ತುನ ಯಾರಾದ್ರೂ ವಾಪಸ್ ಕೊಡ್ತಾರಾ?

ಗಿರಾಕಿ: (ಕುಣಿಯುತ್ತ) ಕೇಳಿಸ್ತಾ ಇಸ್ತ್ರಿಯಪ್ಪ? ಶೋಕಿ ಅಲ್ಲ, ಉಪಯೋಗ! ಬಡ್ಕೊಂಡೆ ನಾನು, ಯಾರಾದ್ರೂ ಕೇಳಿದ್ರಾ? ಕೊಡು ಚಿನ್ನ ಇಲ್ಲಿ.

ಹೆಂಡತಿ: ನಿಮಗ್ಯಾಕೆ? ಅಮ್ಮ ದಿನಕ್ಕೆ ಆರು ಸಲ ಫೋನ್ ಮಾಡೋದು ನಿಮಗಾ, ನನಗಾ? ಮನೇಲಿ ಸಿಮ್ ಬದಲಾಯಿಸ್ಕೊಂಡ್ರಾಯ್ತು. ತಗೊಳ್ಳಿ, ನೀವು ಇದನ್ನ ಇಟ್ಕೊಳ್ಳಿ.

ಮೂಲೆ ಒಡೆದ ತನ್ನ ಹಳೇ ಫೋನನ್ನು ಅವನ ಅಂಗೈಗೆ ತುರುಕಿ, ಅವಳು ಬಿರಬಿರನೆ ಬೀದಿಗಿಳಿದಳು. ಗಿರಾಕಿ ಕಂಗಾಲಾಗಿ ನಿಂತ. ಆಮೇಲೆ ಆ ಹಳೇ ಫೋನಿನಿಂದ ತನ್ನದೇ ನಂಬರಿಗೆ ಕರೆ ಮಾಡಿದ.

ಗಿರಾಕಿ: ಲೇ, ನನ್ನ ಮಾತು ಪೂರ್ತಿ ಕೇಳು, ಅದು ನಾನು ಎಂಟು ತಿಂಗಳು ಕಾದು...

ಬೀದಿಯ ಆ ತುದಿಯಿಂದ ಸದ್ದು ಬಂತು. ಟಪ್!

ಇಸ್ತ್ರಿಯವನು: ಒಪ್ಕೊಂಡೆ ಸಾರ್. ಭಾರೀ ಉಪಯೋಗದ ಫೋನು.