ಶಿಗ್ಗಾಂವಿಯ ರಣಭೈರವ

ನನ್ನ ಹೆಂಡತಿ ವಿದ್ಯಾಶ್ರೀಗೆ ಹಿರೇಕೆರೂರಿಗೆ ವರ್ಗವಾದಾಗ ಓಣಿಯ ಗಂಡಸರು ನನಗೆ ಅಭಿನಂದನೆ ಹೇಳಿದರು. "ಉಡಚಪ್ಪಣ್ಣ, ಸ್ವಾತಂತ್ರ್ಯ ಸಿಕ್ತು ನೋಡ್ರಿ ನಿಮಗ," ಎಂದ ಎದುರುಮನೆಯ ಆನಂದ, ತನ್ನ ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ. ನಾನೂ ಹಲ್ಲು ಕಿರಿದೆ. ಆಕೆ ಸರಕಾರಿ ನರ್ಸು. ನಾನು ಶಿಗ್ಗಾಂವಿಯ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಸೋಮವಾರ ಮೊದಲ ಬಸ್ಸಿಗೆ ಹೋದರೆ ಆಕೆ ಮರಳುವುದು ಶನಿವಾರ ಸಂಜೆಗೆ. ಮಕ್ಕಳಿಲ್ಲದ ಮನೆ. ಹೀಗಾಗಿ ವಾರವಿಡೀ ನಾನೇ ರಾಜ, ನಾನೇ ಪ್ರಜೆ, ಪಾತ್ರೆ ತಿಕ್ಕುವವನೂ ನಾನೇ.

ಮೊದಲ ವಾರ ಹಸಿ ಟವೆಲ್ಲನ್ನು ಬೇಕೆಂದೇ ಹಾಸಿಗೆಯ ಮೇಲೆ ಒಗೆದೆ. ಯಾರೂ ಬೈಯಲಿಲ್ಲ. ಟವೆಲ್ಲು ಅಲ್ಲೇ ಬಿದ್ದು ಅಲ್ಲೇ ಒಣಗಿತು. ಬೈಯುವವರಿಲ್ಲದ ಮನೆಯಲ್ಲಿ ತಪ್ಪು ಮಾಡುವುದಕ್ಕೂ ರುಚಿಯಿಲ್ಲ ಎಂಬುದು ನನಗೆ ಆಗ ತಿಳಿಯಿತು. ಫೋನಿನಲ್ಲಾದರೂ ಒಂದು ಜಗಳ ತೆಗೆಯೋಣವೆಂದರೆ ಅಲ್ಲಿ ಮಾತೇ ಸಾಗುತ್ತಿರಲಿಲ್ಲ.

"ಊಟ ಆತ?"

"ಆತು. ನಿಮ್ಮದು?"

"ಆತು."

ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನಿರುತ್ತಿದ್ದೆವು. (ಈ ಮೌನಕ್ಕೂ ಕಂಪನಿಯವರು ನಮ್ಮ ರೀಚಾರ್ಜಿನಲ್ಲೇ ಕತ್ತರಿಸುತ್ತಾರೆ.)

ಅಂಥ ದಿನಗಳಲ್ಲಿ ಕಾಲೇಜಿನ ಫಲಕಕ್ಕೆ ಹಚ್ಚಲು ಒಂದು ಕರಪತ್ರ ಬಂತು. ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ರೋಬೋಟುಗಳ ಕಾಳಗ. ಎಂಟು ಕಿಲೋ ಒಳಗಿನ ಯಂತ್ರ ತರಬೇಕು, ಎದುರಿನವರ ಯಂತ್ರವನ್ನು ಕೆಡವಬೇಕು; ಯಾರು ಬೇಕಾದರೂ ಭಾಗವಹಿಸಬಹುದು. ಅದನ್ನು ಫಲಕಕ್ಕೆ ಹಚ್ಚದೆ ಕಿಸೆಗೆ ಹಾಕಿಕೊಂಡೆ. ಜಗಳಕ್ಕೆ ಬಾಯಾರಿದ್ದ ನನಗೆ ಆ ಬಡಿದಾಟ ನೀರಿನಂತೆ ಕಂಡಿತು.

ಹೈವೇ ಬದಿಗೆ ಗ್ಯಾರೇಜು ಇಟ್ಟಿರುವ ದಿಲ್ಶಾದ ನನ್ನ ಹಳೆಯ ಗೆಳೆಯ. ಲಾರಿಯ ಕೆಳಗೆ ಮಲಗಿದ್ದವನಿಗೆ ಬಗ್ಗಿ ಹೇಳಿದೆ: "ದಿಲ್ಶಾದ, ಒಂದು ರೋಬೋಟ್ ಮಾಡಬೇಕು."

ಅವನು ತಲೆ ಹೊರಗೆ ಹಾಕಿದ. "ಅಡಗಿ ಮಾಡೂದೋ, ಬಟ್ಟಿ ಒಗಿಯೂದೋ?"

"ಬಡದಾಡೂದು."

"ಯಾಕ್ರಿ, ಅಕ್ಕಾರು ಊರಾಗಿಲ್ಲೇನು?"

ಹೀಗೆ ನಮ್ಮ ಶಸ್ತ್ರಾಗಾರ ಆರಂಭವಾಯಿತು. ಗುಜರಿಗೆ ಬಿದ್ದ ಲಾರಿಗಳಿಂದ ವೈಪರಿನ ಎರಡು ಮೋಟಾರು ಬಂದವು. ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿ ಬಂತು. ರಿಮೋಟನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿದೆ. ಗರಗರ ತಿರುಗುವ ಚಕ್ರಾಯುಧವೊಂದು ಇರಲಿ ಎಂಬುದು ನನ್ನ ಆಸೆ. ದಿಲ್ಶಾದ ತಲೆಯಾಡಿಸಿದ. "ಮೊದಲನೇದಕ್ಕ ಅಷ್ಟು ಹಾರಬ್ಯಾಡ್ರಿ. ಹೊಡಿಯೂದು ಕಲಿಯೂದಕ್ಕಿಂತ ಮೊದಲ ಬುಡಕ್ಕ ಹಾಕಿ ಕೆಡವೂದು ಕಲೀರಿ." ಹೊಲ ಹರಗುವ ಕುಂಟೆಯ ಕುಡವನ್ನು, ಅಂದರೆ ಅದರ ಕಬ್ಬಿಣದ ಅಲಗನ್ನು, ಸಾಣೆ ಹಿಡಿದು, ನೆಲಕ್ಕೆ ತಾಗುವಂತೆ ಮುಂಭಾಗಕ್ಕೆ ಬೆಸುಗೆ ಹಾಕಿಕೊಟ್ಟ. ಅದರ ಮೇಲಕ್ಕೆ ಇಳಿಜಾರಾದ ದಪ್ಪ ತಗಡು. ನಾನು ಕೆಂಪು ಬಣ್ಣ ಬಳಿದು 'ರಣಭೈರವ' ಎಂದು ಹೆಸರಿಟ್ಟೆ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ರಣಭೈರವ ಒಂಬತ್ತು ಕಿಲೋ ದಾಟಿದ್ದ. ಮನೆಗೆ ತಂದು, ತೂಕ ಇಳಿಸಲು ದಿನವೂ ಸಂಜೆ ಅವನ ಮೈಗೆ ತೂತು ಕೊರೆಯುತ್ತ ಕೂತೆ. ಕೊರೆಯುವಾಗ ಅವನೊಡನೆ ಮಾತಾಡುವುದು ರೂಢಿಯಾಯಿತು. ಆಫೀಸಿನ ಸುದ್ದಿ ಹೇಳುತ್ತಿದ್ದೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದನ್ನು ಒಪ್ಪಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಎದುರಿಗೆ ಇಟ್ಟುಕೊಳ್ಳುತ್ತಿದ್ದೆ. (ಇದನ್ನು ಆನಂದನಿಗೆ ಹೇಳಬೇಡಿ.)

ಶನಿವಾರ ಬಂದ ವಿದ್ಯಾಶ್ರೀ ಹೊಸ್ತಿಲು ದಾಟಿದ್ದೇ ಒಂದು ನಟ್ಟಿನ ಮೇಲೆ ಕಾಲಿಟ್ಟಳು.

"ಇದೇನ್ರಿ, ಮನಿನೋ ಗ್ಯಾರೇಜೋ?"

ಎಷ್ಟು ಹಿತವಾಯಿತೆಂದರೆ, ಇನ್ನೆರಡು ಮಾತು ಬರಲೆಂದು ಉತ್ತರ ಕೊಡದೆ ನಿಂತೆ. ಬಂದವು. ಹಾಸಿಗೆಯ ಮೇಲಿನ ಕಬ್ಬಿಣದ ಪುಡಿಯ ಬಗ್ಗೆ ಒಂದು, ಬಚ್ಚಲಿನ ಕೆಂಪು ಬಣ್ಣದ ಬಗ್ಗೆ ಇನ್ನೊಂದು. ನಾನು ಬೆಲ್ಲ ತಿಂದವನಂತೆ ಕೇಳಿದೆ. ನಂತರ ಗಂಭೀರವಾಗಿ, "ನೋಡು, ಇವನು ರಣಭೈರವ," ಎಂದು ಪರಿಚಯಿಸಿದೆ.

ಆಕೆ ಸುತ್ತಲೂ ಒಂದು ಸುತ್ತು ಹಾಕಿ ರೋಗಿಯನ್ನು ನೋಡುವಂತೆ ನೋಡಿದಳು. "ಬೊಜ್ಜು ಬಂದೈತಿ. ಗುಂಡ್ಯಾ ಅಂತ ಇಡಬೇಕಿತ್ತು ಹೆಸರು."

ಪರಾಕ್ರಮ ತೋರಿಸಲು ರಿಮೋಟು ಒತ್ತಿದೆ. ತಂತಿಗಳನ್ನು ನಾನು ಉಲ್ಟಾ ಜೋಡಿಸಿದ್ದೆ. ಮುಂದಕ್ಕೆ ಎಂದರೆ ಅದು ಹಿಂದಕ್ಕೆ ನುಗ್ಗಿ ಅಡಿಗೆಮನೆ ಹೊಕ್ಕು ಜೋಳದ ಹಿಟ್ಟಿನ ಡಬ್ಬಿಯನ್ನು ಉರುಳಿಸಿತು. ಗಾಬರಿಯಲ್ಲಿ ಇನ್ನೊಂದು ಗುಂಡಿ ಒತ್ತಿದೆ. ಮೈತುಂಬ ಹಿಟ್ಟು ಮೆತ್ತಿಕೊಂಡು ನನ್ನತ್ತಲೇ ಬಂತು. ಅದರ ಜನಕನಾದ ನಾನು ಮಂಚ ಹತ್ತಿದೆ.

"ಕೊಡ್ರಿಲ್ಲಿ," ಎಂದು ವಿದ್ಯಾಶ್ರೀ ರಿಮೋಟು ಕಸಿದುಕೊಂಡಳು. ಎರಡು ಸಲ ತಡವರಿಸಿದಳು, ಅಷ್ಟೇ. ಆಮೇಲೆ ಅದು ಬಾಗಿಲ ಚೌಕಟ್ಟಿಗೆ ತಾಗದೆ ತಿರುಗಿ, ಮಂಚದ ಕಾಲನ್ನು ಬಳಸಿ, ಆಕೆಯ ಪಾದದ ಬಳಿ ಬಂದು ನಿಂತಿತು. "ಸ್ಟ್ರೆಚರ್ ತಿರುವಿ ರೂಢಿ ಐತಿ ನನಗ. ಇಳೀರಿ ಕೆಳಗ, ಅದಕ್ಕ ಹಲ್ಲಿಲ್ಲ."

ಆ ಸಂಜೆ ಆಕೆ ರಿಮೋಟು ಕೆಳಗಿಡಲಿಲ್ಲ. ರೊಟ್ಟಿ ನಾನೇ ಬಡಿದೆ. ಅವುಗಳ ಆಕಾರದ ಬಗ್ಗೆ ಒಂದು ಟೀಕೆಯೂ ಬರಲಿಲ್ಲ. ನೋಡಿದ್ದರೆ ತಾನೆ ಟೀಕಿಸುವುದು.

ಕಾಳಗದ ಭಾನುವಾರ ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆವು. "ಅಕ್ಕಾರಿಗೆ ಫ್ರೀ, ನಿಮಗ ಟಿಕೆಟ್, ಚೀಲಕ್ಕ ಲಗೇಜ್," ಎಂದ ಕಂಡಕ್ಟರು. ಸಂಸಾರದಲ್ಲಿ ನನ್ನ ಸ್ಥಾನ ಎಲ್ಲಿದೆ ಎಂಬುದನ್ನು ಸರಕಾರಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ.

ದಪ್ಪ ಗಾಜಿನ ಗೋಡೆಯ ಒಳಗೆ ರಣರಂಗ. ಸೃಷ್ಟಿಕರ್ತನ ಹಕ್ಕಿನಿಂದ ಮೊದಲ ಪಂದ್ಯಕ್ಕೆ ನಾನೇ ರಿಮೋಟು ಹಿಡಿದೆ. ಎದುರಾಳಿಯ ಅಲಗು ಹಿಟ್ಟಿನ ಗಿರಣಿಯಂತೆ ಗುಂಯ್ಯೆಂದಿತು. ನನ್ನ ಹೆಬ್ಬೆರಳುಗಳಿಗೆ ಎಡ ಯಾವುದು ಬಲ ಯಾವುದು ಮರೆತುಹೋಯಿತು. ರಣಭೈರವ ಮೂಲೆಗೆ ಹೋಗಿ, ಮಾಸ್ತರರು ನಿಲ್ಲಿಸಿದವನಂತೆ ಗೋಡೆಗೆ ಮುಖ ಮಾಡಿ ನಿಂತ. ತೀರ್ಪುಗಾರ ಎಣಿಸತೊಡಗಿದ.

"ಸರೀರಿ ಅತ್ತಾಗ," ಎಂದು ಪಕ್ಕದ ದನಿ ರಿಮೋಟು ಕಸಿದುಕೊಂಡಿತು. ನಿಯಮಾವಳಿಯಲ್ಲಿ ಹೆಂಡತಿಯ ಬಗ್ಗೆ ಏನೂ ಬರೆದಿರಲಿಲ್ಲವಾದ್ದರಿಂದ ತೀರ್ಪುಗಾರ ತಡೆಯಲಿಲ್ಲ. ವಿದ್ಯಾಶ್ರೀ ಅವಸರ ಮಾಡಲಿಲ್ಲ. ಎದುರಿನದು ನುಗ್ಗಿ ಬರುವ ತನಕ ಕಾದು, ಗಕ್ಕನೆ ತಿರುಗಿಸಿ, ಕುಡವನ್ನು ಅದರ ಬುಡಕ್ಕೆ ಕೊಟ್ಟಳು. ಅದು ಗಾಲಿ ಮೇಲೆ ಮಾಡಿ ಬಿತ್ತು.

"ರೋಬೋಟಿನ ಹೆಸರೇನ್ರಿ ಮೇಡಂ?" ಎಂದು ಮೈಕಿನವ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಆಕೆ "ಗುಂಡ್ಯಾ" ಎಂದುಬಿಟ್ಟಳು. ಇಡೀ ಸಭಾಂಗಣ ಗುಂಡ್ಯಾ, ಗುಂಡ್ಯಾ ಎಂದು ಕೂಗಿತು. ರಣಭೈರವ ಅಲ್ಲಿಗೆ ವೀರಮರಣ ಹೊಂದಿದ.

ಎರಡನೆಯದನ್ನೂ ಗೆದ್ದೆವು, ಮೂರನೆಯದರಲ್ಲಿ ಗಾಲಿ ಕಿತ್ತುಹೋಗಿ ಸೋತೆವು. ಆದರೂ ವಿದ್ಯಾಶ್ರೀಗೆ ಒಂದು ಪ್ರಶಸ್ತಿಪತ್ರ ಸಿಕ್ಕಿತು. 'ಉತ್ತಮ ಚಾಲಕಿ' ಎಂದಿರಬೇಕಾದಲ್ಲಿ 'ಉತ್ತಮ ಚಾಲಾಕಿ' ಎಂದು ಅಚ್ಚಾಗಿತ್ತು. ಮುದ್ರಣದೋಷವೆಂದು ಸಂಘಟಕರು ಕೈಮುಗಿದರು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ದೋಷವೇನೂ ಕಾಣಲಿಲ್ಲ.

ಆ ರಾತ್ರಿಯೇ ಹೊಸ ಗಾಲಿ ಹಾಕಿ ಮುಗಿಸಿದ್ದೆ. ಸೋಮವಾರ ನಸುಕಿನಲ್ಲಿ ನೋಡುತ್ತೇನೆ, ಆಕೆ ಅದನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಳೆ.

"ಎಲ್ಲಿಗೆ ಒಯ್ತೀ ಅದನ್ನ?"

"ನನ್ನ ಸಂಗಾಟ."

"ಅಲ್ಲೆ ಎದಕ್ಕ ಬೇಕು ನಿನಗ?"

ಆಕೆ ಚೀಲದ ಬಾಯಿ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು: "ಡ್ಯೂಟಿ ಮುಗದ ಮ್ಯಾಲ ಆ ಕ್ವಾರ್ಟರ್ಸಿನ ಖೋಲ್ಯಾಗ ಗ್ವಾಡಿ ನೋಡಕೋತ ಕುಂದರ್ತೇನಿ. ನಿಮಗರ ಓಣಿ ಐತಿ, ದಿಲ್ಶಾದ ಅದಾನ. ನನಗ ಯಾರದಾರ್ರಿ ಅಲ್ಲೆ?"

ಒಂಟಿತನ ಶಿಗ್ಗಾಂವಿಯಲ್ಲಿ ಮಾತ್ರ ಇರುವ ಜಡ್ಡು ಎಂದುಕೊಂಡಿದ್ದೆ. ಹಿರೇಕೆರೂರಿನಲ್ಲೂ ಅದು ಇದೆಯೇ ಎಂದು, ದಿನಾ ಫೋನು ಹಚ್ಚುತ್ತಿದ್ದರೂ, ಒಂದು ಸಲವೂ ಕೇಳಿರಲಿಲ್ಲ. ಚೀಲವನ್ನು ನಾನೇ ಹೊತ್ತು ಬಸ್ಸಿನಲ್ಲಿ ಕಿಟಕಿಯ ಬದಿಗೆ ಇಟ್ಟುಬಂದೆ. ಆ ಸಂಜೆ ತಾಟಿನ ಎದುರಿಗೆ ಬರೀ ನೆಲವಿತ್ತು.

ಆ ಶನಿವಾರ ಆಕೆ ಬರಲಿಲ್ಲ; ಗುಂಡ್ಯಾನ ಆಟ ಬಿಟ್ಟು ಬರಲು ಅಲ್ಲಿಯವರು ಒಪ್ಪಲಿಲ್ಲವಂತೆ. ಅದರ ಮುಂದಿನ ಶನಿವಾರ ಫೋನು ಬಂತು. "ಗುಂಡ್ಯಾನ ಗಾಲಿ ಅಳ್ಳಾಡಾಕತ್ತಾವು. ನಟ್ಟು ಬಿಗಿಯೂ ಪಾನಾ ತಗೊಂಡು ಬರ್ರಿ." ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹೋದೆ. ಕ್ವಾರ್ಟರ್ಸಿನ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಕಣ ಮಾಡಿದ್ದರು. ನಾಲ್ಕಾರು ನರ್ಸುಗಳು ನಗುತ್ತ ಸುತ್ತ ನಿಂತಿದ್ದರು. ವಿದ್ಯಾಶ್ರೀ ಅವರ ನಡುವೆ ನಿಂತು, ನಾನು ಎಷ್ಟೋ ದಿನಗಳಿಂದ ಕೇಳದ ನಗೆ ನಗುತ್ತಿದ್ದಳು.

"ಇವರ್ಯಾರಕ್ಕಾ?" ಎಂದು ಮದಿಹಾ ಎಂಬ ಕಿರಿಯ ನರ್ಸು ಕೇಳಿದಳು.

"ಗುಂಡ್ಯಾನ ರಿಪೇರಿ ಮಾಡವ್ರು," ಎಂದಳು ನನ್ನ ಹೆಂಡತಿ. ನನ್ನ ಕೈಯ ಚೀಲ ಇಸಿದುಕೊಳ್ಳುತ್ತ, "ನಮ್ಮ ಮನಿಯವರು," ಎಂದೂ ಸೇರಿಸಿದಳು.

ರಿಪೇರಿ ಮಾಡಿದೆ. ಭಾನುವಾರ ಮಧ್ಯಾಹ್ನದ ತನಕ ಸಾವಕಾಶವಾಗಿ ಮಾಡಿದೆ. ಕೆಲಸ ಮುಗಿದರೆ ಹೊರಡಬೇಕಲ್ಲ. ಈಗ ನಿಮಗೊಬ್ಬರಿಗೇ ಹೇಳುತ್ತೇನೆ: ಬಲಗಾಲಿಯ ನಟ್ಟನ್ನು ಬಿಗಿಯಾಗಿ ತಿರುವಿದೆ, ಎಡಗಾಲಿಯದನ್ನು ಅರ್ಧಕ್ಕೇ ಬಿಟ್ಟೆ. ನನ್ನ ಲೆಕ್ಕದಲ್ಲಿ ಅದು ಶುಕ್ರವಾರಕ್ಕೆ ಸಡಿಲಾಗಬೇಕು, ಶನಿವಾರ ನನಗೆ ಕರೆ ಬರಬೇಕು.

ಬಸ್ಸು ಇನ್ನೂ ತಿಳವಳ್ಳಿ ಮುಟ್ಟಿರಲಿಲ್ಲ, ಫೋನು ಬಂತು.

"ಎಡಗಾಲಿ ನಟ್ಟು ಸಡ್ಲ ಇತ್ರಿ. ಮದಿಹಾ ಎಲ್ಲಿಂದೋ ಒಂದು ಪಾನಾ ತಂದ್ಲು, ನಾನ ಬಿಗಿ ಮಾಡೇನಿ. ಇನ್ನ ವರ್ಷಗಟ್ಲೆ ಅಲ್ಲಾಡೂದಿಲ್ಲ. ನೀವೇನ ಕಾಳಜಿ ಮಾಡಬ್ಯಾಡ್ರಿ."

"ಶಾಣ್ಯಾಕಿ ಇದ್ದೀ," ಎಂದೆ.

ತಿಳವಳ್ಳಿ ದಾಟಿತು. ಎರಡೂ ಕಡೆ ಗೋವಿನಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಹಾನಗಲ್ಲು ಬರುವ ತನಕ ನಾನು ಯೋಚಿಸಿದ್ದು ಒಂದನ್ನೇ: ಬ್ಯಾಟರಿಯ ತಂತಿಯನ್ನಾದರೂ ಸಡಿಲ ಬಿಟ್ಟು ಬರಬೇಕಿತ್ತು.