ಮಾವನವರನ್ನು ಡೌನ್ ಮಾಡಿದ ದಿನ

ಹೆಸರಿಡುವ ಉತ್ಸಾಹ ಇರುವವರು, ನಾಳೆ ಆ ಹೆಸರನ್ನು ಯಾರು ಕರೆಯಬೇಕಾಗುತ್ತದೆ ಎಂದು ಯೋಚಿಸುವುದಿಲ್ಲ. ನಾನೂ ಯೋಚಿಸಲಿಲ್ಲ. ಆತುರಪಡದೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚು. ಆ ಹುಚ್ಚಿನ ಫಲವಾಗಿ, ಮಾದಿಹಳ್ಳಿಯಲ್ಲಿರುವ ಮಾವನ ಮನೆಯ ಟಿವಿ ಹಿಂದೆ ಇಸ್ಪೀಟೆಲೆಯಷ್ಟಗಲದ ಕಂಪ್ಯೂಟರೊಂದು ಕೂತಿದೆ. ಕೊಟ್ಟಿಗೆಯ ಕ್ಯಾಮೆರಾದ ಚಿತ್ರವನ್ನು ಟಿವಿಯಲ್ಲಿ ತೋರಿಸುವುದು ಅದರ ಕೆಲಸ. ಅತ್ತೆ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಚೊಚ್ಚಲ ಗಬ್ಬದ ಕಡಸನ್ನು ಮಂಚದಿಂದಲೇ ಕಾಯಬೇಕಿತ್ತು.

ಆ ಕಂಪ್ಯೂಟರಿಗೆ ಎರಡು ವೈಫೈ. ಒಳಗೇ ಇದ್ದದ್ದು ಮನೆಯ ಇಂಟರ್ನೆಟ್ಟಿಗೆ, ನಾನು ಹೊರಗಿನಿಂದ ಚುಚ್ಚಿದ್ದು ಕೊಟ್ಟಿಗೆಯ ಕ್ಯಾಮೆರಾಗೆ. ಬಿಕ್ಕೋಡಿನ ಬಸ್ಸಿನಲ್ಲಿ ಮೊದಲು ಟವೆಲ್ ಹಾಕಿದವರಿಗೆ ಕಿಟಕಿ ಸೀಟು ಸಿಗುವ ಹಾಗೆ, ಮೊದಲು ಎದ್ದ ವೈಫೈಗೆ ಕಂಪ್ಯೂಟರ್ ಸೊನ್ನೆ ನಂಬರು ಕೊಡುತ್ತದೆ, ಎರಡನೆಯದಕ್ಕೆ ಒಂದು. ಕರೆಂಟು ಹೋಗಿ ಬಂದಾಗಲೆಲ್ಲ ಎರಡೂ ಸೀಟು ಬದಲಾಯಿಸಿಕೊಂಡು, ಕೊಟ್ಟಿಗೆ ಟಿವಿಯಿಂದ ಮಾಯವಾಗುತ್ತಿತ್ತು. ಪರಿಹಾರ ಸುಲಭ. ಪ್ರತಿ ವೈಫೈಗೂ ಎಂದೂ ಬದಲಾಗದ ಒಂದು ಹುಟ್ಟುಗುರುತಿರುತ್ತದೆ. ಅದಕ್ಕೆ ಖಾಯಂ ಹೆಸರು ಅಂಟಿಸಿದರಾಯಿತು. ಮನೆಯದಕ್ಕೆ ‘ಮನೆ’ ಎಂದಿಟ್ಟೆ. ಕೊಟ್ಟಿಗೆಯದಕ್ಕೆ ‘ಕೊಟ್ಟಿಗೆ’ ಎಂದಿಟ್ಟಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹಗಲೆಲ್ಲ ಕೊಟ್ಟಿಗೆಯಲ್ಲೇ ಇರುವ ಮಾವನಿಗೆ ಗೌರವ ಸಲ್ಲಿಸೋಣ ಅನ್ನಿಸಿತು. ಇಂಥ ಹೆಸರು ಇಂಗ್ಲಿಷಿನ ಹದಿನೈದು ಅಕ್ಷರ ಮೀರುವಂತಿಲ್ಲ. ಅವರ ಹೆಸರು ಮಲ್ಲಿಕಾರ್ಜುನಪ್ಪ ಎಂದು ಬರೆದರೆ ಸರಿಯಾಗಿ ಹದಿನೈದು. ದೈವಸಂಕಲ್ಪ ಎಂದುಕೊಂಡು ಅದನ್ನೇ ಇಟ್ಟೆ.

ಹೋದ ತಿಂಗಳು ಒಂದು ದಿನ ಮಾವ, ಕಡಸು ಸುಸೂತ್ರವಾಗಿ ಕರು ಹಾಕಲಿ ಎಂದು ನಮ್ಮೂರ ಪಕ್ಕದ ಮಾಲೇಕಲ್ಲು ಬೆಟ್ಟಕ್ಕೆ, ನಾಮದ ದೇವರ ದರ್ಶನಕ್ಕೆ ಬಂದಿದ್ದರು. ಮನೆಯಲ್ಲಿ ಶಿವಪೂಜೆ, ಆದರೆ ಹಸುವಿನ ವಿಷಯಕ್ಕೆ ಅವರು ಯಾವ ದೇವರನ್ನೂ ಬಿಡುವವರಲ್ಲ. ಅವರು ಬೆಟ್ಟ ಹತ್ತುತ್ತಿರುವಾಗಲೇ ಅತ್ತೆಯ ಫೋನ್ ಬಂತು. ಕರೆಂಟು ಹೋಗಿ ಬಂತಂತೆ. ಕಡಸು ಕೂತು ಎದ್ದು ಒದ್ದಾಡುತ್ತಿತ್ತಂತೆ. ಈಗ ಟಿವಿಯಲ್ಲಿ ಬರೀ ಅಕ್ಷರವಂತೆ. ಪಕ್ಕದ ಮನೆಯವರನ್ನು ಕರೆಯಿರಿ ಎಂದೆ. ಚೊಚ್ಚಲಿಗೆ ಅವರ ಕಣ್ಣು ಬೇಡ ಎಂದರು. ಅಲ್ಲಿಯ ಇಂಟರ್ನೆಟ್ಟೂ ಸತ್ತಿದ್ದರಿಂದ ಇಲ್ಲಿಂದ ನಾನು ಕೈಹಾಕುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ಅತ್ತೆಯಿಂದಲೇ ಮಂಚದ ಪಕ್ಕದ ಕೀಬೋರ್ಡ್ ಎತ್ತಿಸಿ, ಪರದೆಯ ಮೇಲಿನದನ್ನು ಓದಲು ಹೇಳಿದೆ. ‘ಮನೆ’ ಎಂದು ಓದಿದರು. ಅಷ್ಟಕ್ಕೇ ನಿಲ್ಲಿಸಿದರು.

“ಅದರ ಕೆಳಗೆ ಇನ್ನೊಂದು ಹೆಸರಿಲ್ವಾ ಅತ್ತೆ?”

“ಐತೆ.”

“ಏನಂತ ಐತೆ?”

“ಬೆಟ್ಟಕ್ಕೆ ಹೋಗವ್ರಲ್ಲ, ಅವರು.”

ಮದುವೆಯ ದಿನ ಹೊಸಿಲಲ್ಲಿ ತಡೆದು ಹೇಳಿಸಿದ್ದು ಬಿಟ್ಟರೆ ಅತ್ತೆ ಗಂಡನ ಹೆಸರನ್ನು ಬಾಯಿಗೆ ತಂದವರಲ್ಲ. ರೇಷನ್ ಅಂಗಡಿಯಲ್ಲೂ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಹೇಳುವುದು ಬೇಡ, ಟೈಪ್ ಮಾಡಿ ಎಂದೆ. ಬೆರಳಿಗೆ ಆ ಕಟ್ಟುಪಾಡಿಲ್ಲ ಎಂದು ಪಕ್ಕದಲ್ಲಿದ್ದ ನನ್ನ ಹೆಂಡತಿ ಶೈಲಾ ತೀರ್ಪು ಕೊಟ್ಟಳು. ಆದರೆ ಈ ಸಲ ಸೀಟು ಬದಲಾಗಿರಲಿಲ್ಲ, ಕರೆಂಟು ಬಂದಾಗ ಕೊಟ್ಟಿಗೆಯ ವೈಫೈ ಮಂಕು ಹಿಡಿದಿತ್ತು. ಅದನ್ನು ಎಬ್ಬಿಸಲು ಅದರ ಹೆಸರು ಬರೆದು ಮೊದಲು ಡೌನ್, ಅಂದರೆ ಕೆಳಗಿಳಿಸು, ಎನ್ನಬೇಕು, ಆಮೇಲೆ ಅಪ್. ಅತ್ತೆಯ ಬೆರಳು ಅಲ್ಲಿ ನಿಂತಿತು.

“ಅವರು ದೇವರ ಮೆಟ್ಲು ಹತ್ತಾ ಅವ್ರೆ. ನಾನಿಲ್ಲಿ ಕೂತ್ಕಂಡು ಅವರನ್ನ ಡೌನ್ ಮಾಡ್ಲಾ? ನನ್ ಕೈಲಾಗಲ್ಲ ಅಳಿಯಂದ್ರೇ.”

“ಅದು ವೈಫೈ, ಅತ್ತೆ.”

“ಹೆಸರು ಯಾರ್ದು?”

ಕೊಟ್ಟಿಗೆಯಿಂದ ಕಡಸು ಕೂಗಿದ್ದು ಫೋನಿನಲ್ಲಿ ಕೇಳಿಸಿತು. ಶೈಲಾ ತನ್ನ ಫೋನಿನಿಂದ ಮಾವನನ್ನು ಹಿಡಿದಳು. ಮಾವ ಏದುಸಿರು ಬಿಡುತ್ತಲೇ ಎಲ್ಲ ಕೇಳಿಸಿಕೊಂಡರು.

“ಡೌನ್ ಮಾಡೋಕ್ಹೇಳೇ. ನಾನಿಲ್ಲೇ ಮೆಟ್ಲು ಮೇಲೆ ಕೂತ್ಕತೀನಿ.”

ಕೂತರಾ ಎಂದು ಅತ್ತೆ ಕೇಳಿದರು. ನಾನು ಶೈಲಾಳನ್ನು ಕೇಳಿದೆ. ಶೈಲಾ ಮಾವನನ್ನು ಕೇಳಿದಳು. ಕೂತಿದ್ದರು. ಅತ್ತೆ ಒಂದೊಂದೇ ಅಕ್ಷರ ಒತ್ತಿ ಡೌನ್ ಮಾಡಿದರು, ಮರುಕ್ಷಣವೇ ಅಪ್ ಮಾಡಿದರು. ಟಿವಿಯಲ್ಲಿ ಕೊಟ್ಟಿಗೆ ಬಂತು. ಒದ್ದೆ ಹೆಣ್ಣುಗರುವೊಂದು ಆಗಲೇ ನೆಲದ ಮೇಲಿತ್ತು, ಕಡಸು ಅದನ್ನು ನೆಕ್ಕುತ್ತಿತ್ತು. ಅತ್ತೆ ಮಾತ್ರ, ಅವರು ಎದ್ದರಾ ಎಂದು ಮೊದಲು ಕೇಳಿದರು. ಎದ್ದು ಮತ್ತೆ ಹತ್ತುತ್ತಿದ್ದಾರೆ ಎಂದ ಮೇಲೆಯೇ ಕರುವನ್ನು ನೋಡಿದ್ದು.

ಸಂಜೆಯೇ ಹೆಸರು ಬದಲಾಯಿಸಲು ಅತ್ತೆಯ ಆಜ್ಞೆಯಾಯಿತು. ‘ಕೊಟ್ಟಿಗೆ’ ಎಂದಿಡುತ್ತೇನೆ ಎಂದೆ. ಯಾಕೆ, ಕಷ್ಟಪಟ್ಟವರು ನೀವು, ನಿಮ್ಮ ಹೆಸರೇ ಇರಲಿ, ಅದನ್ನು ಕರೆಯೋಕೆ ನನಗೇನೂ ಅಡ್ಡಿಯಿಲ್ಲ ಎಂದರು. ನಾನು ಉಬ್ಬಿಹೋಗಿ ಇಟ್ಟುಬಿಟ್ಟೆ. ಈಗ ಕರೆಂಟು ಹೋದರೆ ಮಾದಿಹಳ್ಳಿಯಿಂದ ಫೋನೇ ಬರುವುದಿಲ್ಲ. ಅತ್ತೆ ನನ್ನನ್ನು ತಾವೇ ಡೌನ್ ಮಾಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಕೂತಿದ್ದೇನೋ ನಿಂತಿದ್ದೇನೋ ಎಂದು ಒಂದು ಸಲವೂ ವಿಚಾರಿಸಿಲ್ಲ.